ರಾಜಧಾನಿಯ ಹೊರಗೆ ಸಂಸತ್ತು ಸೇರಬೇಕಾದರೆ: ನಿಯಮ ಬರೆಯುವವರಿಗೆ ಮಡಿಕೇರಿಯಿಂದ ಒಂದು ಕೈಪಿಡಿ

ಮಡಿಕೇರಿಯಲ್ಲಿ ಸರ್ಕಾರಿ ಸಭೆಗಳ ತಿಳಿವಳಿಕೆ ಪತ್ರ ಓದುವವರಿಗೆ ‘ಕೋಟೆ ಹಳೆ ವಿಧಾನ ಸಭಾಂಗಣ’ ಎಂಬ ವಿಳಾಸ ಹೊಸದಲ್ಲ. ಕೊಡಗು ಪ್ರತ್ಯೇಕ ‘ಸಿ’ ದರ್ಜೆಯ ರಾಜ್ಯವಾಗಿದ್ದಾಗ, 1952ರಿಂದ 1956ರವರೆಗೆ, ಅದಕ್ಕೆ 24 ಸದಸ್ಯರ ವಿಧಾನಸಭೆಯಿತ್ತು, ಸಿ.ಎಂ. ಪೂಣಚ್ಚ ಅವರು ಮುಖ್ಯಮಂತ್ರಿಯಾಗಿದ್ದರು. ಆ ಕಾಲದ ಗುರುತನ್ನು ಈ ಹೆಸರು ಇಂದಿಗೂ ಹೊತ್ತುಕೊಂಡಿದೆ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದ ಮೇಲೆ ಅಲ್ಲಿ ಎಷ್ಟೋ ಸಭೆಗಳು ನಡೆದಿವೆ. ಆದರೆ ಒಂದು ಸಾಲಿನ ಕಾನೂನನ್ನೂ ಅಂಗೀಕರಿಸುವ ಅಧಿಕಾರ ಆ ಸಭಾಂಗಣಕ್ಕೆ ಉಳಿಯಲಿಲ್ಲ. ಗೋಡೆ, ಮಾಡು, ಕೋಟೆ ಎಲ್ಲವೂ ಇದ್ದಲ್ಲೇ ಇವೆ. ಇಲ್ಲವಾದದ್ದು ‘ಇಂಥ ದಿನ ಇಲ್ಲಿ ಸೇರತಕ್ಕದ್ದು’ ಎಂದು ಕಾನೂನಿನ ಬಲದಿಂದ ಕರೆಯುವ ಕರೆ ಮಾತ್ರ.

ಶಾಸನಸಭೆಯೊಂದು ತನ್ನ ರಾಜಧಾನಿಯನ್ನು ಬಿಟ್ಟು ಬೇರೆಡೆ ಸೇರುವ ನಿಯಮಗಳನ್ನು ಬರೆಯಲು ಕೂರುವವರು ಮೊದಲು ಈ ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳಬೇಕು. ನಮ್ಮ ನಾಡಿನ ಮಂದ್‌ಗಳಲ್ಲಿ, ಅಂದರೆ ಊರವರು ಸೇರುವ ಬಯಲುಗಳಲ್ಲಿ, ಸ್ಥಳವೇ ಸಭೆಗೆ ಘನತೆ ಕೊಡುತ್ತಿತ್ತು: ಊರಿನ ಮುಖಂಡರಾದ ತಕ್ಕರು ಮಂದ್‌ನಲ್ಲಿ ನಿಂತು ಆಡಿದ ಮಾತಿಗಿದ್ದ ತೂಕ ಅದೇ ಮಾತನ್ನು ದಾರಿಯಲ್ಲಿ ಆಡಿದರೆ ಇರುತ್ತಿರಲಿಲ್ಲ. ಸಂವಿಧಾನದ ವ್ಯವಸ್ಥೆಯಲ್ಲಿ ಇದು ತಿರುವುಮುರುವಾಗಿದೆ. ಕ್ರಮಬದ್ಧವಾದ ಕರೆಯೇ ಸ್ಥಳಕ್ಕೆ ಅಧಿಕಾರ ಕೊಡುತ್ತದೆ. ಯುವ ಸಂಸತ್ತಿನ ಸ್ಪರ್ಧೆಗೆ ಕರಡು ತಯಾರಿಸುವ ಕಾಲೇಜು ವಿದ್ಯಾರ್ಥಿಗಳಿಗೂ, ದಕ್ಷಿಣದಲ್ಲೊಂದು ಸಂಸತ್ ಅಧಿವೇಶನ ನಡೆಯಲಿ ಎಂದು ಮನವಿ ಬರೆಯುವ ಸಂಘಟನೆಗಳಿಗೂ ಉಪಯೋಗವಾಗಲೆಂದು, ಅಂಥ ನಿಯಮಗಳನ್ನು ಬರೆಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಸಂಸತ್ತು ಮಡಿಕೇರಿಗೇ ಬರುತ್ತದೆ ಎಂದಿಟ್ಟುಕೊಂಡು ಕೆಲವು ಉದಾಹರಣೆಗಳನ್ನು ಕೊಟ್ಟಿದ್ದೇನೆ. ನಿಯಮದಲ್ಲಿನ ತೂತುಗಳು ಕಣ್ಣಿಗೆ ಬೀಳುವುದು ಅದನ್ನು ಗೊತ್ತಿರುವ ಊರಿನ ಮೇಲಿಟ್ಟು ನೋಡಿದಾಗಲೇ.

ಮೊದಲು ಮೂಲ ಕಾನೂನನ್ನು ಓದಿ

ಸಂವಿಧಾನದ 85ನೇ ಅನುಚ್ಛೇದದ ಪ್ರಕಾರ ರಾಷ್ಟ್ರಪತಿಯವರು ಸಂಸತ್ತಿನ ಪ್ರತಿಯೊಂದು ಸದನವನ್ನು ತಮಗೆ ಸೂಕ್ತವೆಂದು ತೋರಿದ ಕಾಲದಲ್ಲಿ, ಸೂಕ್ತವೆಂದು ತೋರಿದ ಸ್ಥಳದಲ್ಲಿ ಸೇರುವಂತೆ ಕರೆಯಬೇಕು. ಎರಡು ಅಧಿವೇಶನಗಳ ನಡುವೆ ಆರು ತಿಂಗಳ ಅಂತರ ಬೀಳಬಾರದೆಂದು ಅದೇ ಅನುಚ್ಛೇದ ಕಾಲಕ್ಕೆ ಮಿತಿ ಹಾಕಿದೆ, ಸ್ಥಳಕ್ಕೆ ಯಾವ ಮಿತಿಯನ್ನೂ ಹಾಕಿಲ್ಲ. ದೆಹಲಿಯ ಹೆಸರು ಅಲ್ಲಿ ಇಲ್ಲ. ರಾಜ್ಯಗಳ ವಿಷಯದಲ್ಲಿ 174ನೇ ಅನುಚ್ಛೇದ ರಾಜ್ಯಪಾಲರಿಗೆ ಇದೇ ಬಗೆಯ ಅಧಿಕಾರ ಕೊಟ್ಟಿದೆ. ಕರ್ನಾಟಕದ ವಿಧಾನಮಂಡಲ 2006ರಲ್ಲಿ ಮೊದಲ ಬಾರಿಗೆ ಬೆಳಗಾವಿಯಲ್ಲಿ ಸೇರಿದಾಗ ಸಂವಿಧಾನದ ಒಂದಕ್ಷರವನ್ನೂ ತಿದ್ದಬೇಕಾಗಿ ಬರಲಿಲ್ಲ. ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದ್ದು 2012ರ ಅಕ್ಟೋಬರ್ 11ರಂದು. ಅಂದರೆ ಅಧಿವೇಶನ ಮೊದಲು ಬಂತು, ಸೌಧ ಆಮೇಲೆ ಎದ್ದಿತು.

ಹಾಗಿದ್ದ ಮೇಲೆ ಹೊಸ ನಿಯಮವೇಕೆ ಎಂದು ಕೇಳಬಹುದು. ರಾಷ್ಟ್ರಪತಿಯವರು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಆದ್ದರಿಂದ ಸ್ಥಳದ ಆಯ್ಕೆ ವಾಸ್ತವದಲ್ಲಿ ಸರ್ಕಾರದ ಕೈಯಲ್ಲಿದೆ, ಯಾವ ಕಾರಣಕ್ಕೆ ಎಲ್ಲಿ ಸೇರಬಹುದೆಂದು ಹೇಳುವ ಬರಹ ಎಲ್ಲಿಯೂ ಇಲ್ಲ. ತನ್ನನ್ನು ಪ್ರಶ್ನಿಸುವ ಸಭೆ ಎಲ್ಲಿ ಸೇರಬೇಕೆಂದು ಸರ್ಕಾರವೊಂದೇ ತೀರ್ಮಾನಿಸುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಒಳ್ಳೆಯ ಉದ್ದೇಶದ ಸರ್ಕಾರವಿದ್ದಾಗ ಈ ಕೊರತೆ ಯಾರಿಗೂ ಕಾಣುವುದಿಲ್ಲ. ನಿಯಮ ಬರೆದಿಡುವುದು ಹಾಗಿಲ್ಲದ ದಿನಕ್ಕಾಗಿ.

ಬೇರೆ ದೇಶಗಳ ಕಾನೂನುಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಕರಡಿಗೆ ಬೇಕಾದ ಪದಗಳು ಸಿಗುತ್ತವೆ. ದಕ್ಷಿಣ ಆಫ್ರಿಕಾದ ಸಂವಿಧಾನ ಕೇಪ್‌ಟೌನನ್ನು ಸಂಸತ್ತಿನ ನೆಲೆಯೆಂದು ಹೆಸರಿಸಿ, ನ್ಯಾಷನಲ್ ಅಸೆಂಬ್ಲಿ ಬೇರೆಡೆ ಸೇರುವುದಾದರೆ ಅದು ಸಾರ್ವಜನಿಕ ಹಿತ, ಭದ್ರತೆ ಅಥವಾ ಅನುಕೂಲ ಎಂಬ ಮೂರು ಕಾರಣಗಳಿಗೆ ಮಾತ್ರ, ಅದೂ ಸದನದ ಸ್ವಂತ ನಿಯಮಗಳಲ್ಲಿ ಅವಕಾಶವಿದ್ದರೆ ಮಾತ್ರ ಎಂದು ಕಟ್ಟು ಹಾಕಿದೆ. ಸ್ವಿಟ್ಜರ್ಲೆಂಡಿನ ಸಂಸತ್ ಕಾಯ್ದೆಯಲ್ಲಿನ ನಿಯಮ ಇನ್ನೂ ಚಿಕ್ಕದು: ಒಕ್ಕೂಟ ಸಭೆ ಬರ್ನ್‌ನಲ್ಲಿ ಸೇರತಕ್ಕದ್ದು, ಅಪವಾದವೆಂಬಂತೆ ಬೇರೆಡೆ ಸೇರಲು ತಾನೇ ನಿರ್ಣಯ ಮಾಡಬಹುದು. ಅಮೆರಿಕದಲ್ಲಿ ಒಂದು ಸದನ ಇನ್ನೊಂದರ ಒಪ್ಪಿಗೆಯಿಲ್ಲದೆ ಬೇರೆ ಸ್ಥಳಕ್ಕೆ ಹೋಗುವಂತಿಲ್ಲ. ಯುರೋಪಿಯನ್ ಸಂಸತ್ತಿನದು ಇವಕ್ಕೆಲ್ಲ ವಿರುದ್ಧವಾದ ಸ್ಥಿತಿ. ವರ್ಷಕ್ಕೆ 12 ಪೂರ್ಣಾಧಿವೇಶನಗಳು ಸ್ಟ್ರಾಸ್‌ಬರ್ಗ್‌ನಲ್ಲಿ ನಡೆಯಬೇಕೆಂದು ಒಪ್ಪಂದದಲ್ಲೇ ಬರೆದಿರುವುದರಿಂದ, ಸದಸ್ಯ ರಾಷ್ಟ್ರಗಳೆಲ್ಲ ಒಪ್ಪದ ಹೊರತು ಆ ಸಂಸತ್ತು ತಾನಾಗಿ ಏನನ್ನೂ ಬದಲಾಯಿಸಲಾರದು. ಕರಡು ಬರೆಯುವವರು ಸ್ಥಳದ ಹೆಸರನ್ನು ತಿದ್ದಲಾಗದ ದಸ್ತಾವೇಜಿನಲ್ಲಿ ಸೇರಿಸುವ ಆಸೆಗೆ ಬೀಳಬಾರದು. ನಮ್ಮ ಸಂಸತ್ತಿಗೆ ದಕ್ಷಿಣ ಆಫ್ರಿಕಾದ ಮೂರು ಕಾರಣಗಳನ್ನೂ ಸ್ವಿಟ್ಜರ್ಲೆಂಡಿನ ಸದನದ ನಿರ್ಣಯವನ್ನೂ ಕೂಡಿಸಿ ಬರೆಯುವುದು ಹೊಂದುತ್ತದೆ. 118ನೇ ಅನುಚ್ಛೇದ ಪ್ರತಿ ಸದನಕ್ಕೂ ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರ ಕೊಟ್ಟಿರುವುದರಿಂದ, ‘ಸದನವು ಶಿಫಾರಸು ಮಾಡತಕ್ಕದ್ದು’ ಎಂಬಷ್ಟನ್ನು ಅಲ್ಲಿಯೇ ಸೇರಿಸಬಹುದು. ಕರೆಯುವ ಅಧಿಕಾರ ರಾಷ್ಟ್ರಪತಿಯವರದಾಗಿಯೇ ಉಳಿಯುತ್ತದೆ.

ಕರೆಯ ಪತ್ರದಲ್ಲಿ ಸ್ಥಳವನ್ನು ಬರೆಯುವ ಬಗೆ

ಈ ಭಾಗವನ್ನು ಅವಸರದಲ್ಲಿ ಓದಬೇಡಿರೆಂದು ಕೋರುತ್ತೇನೆ. ಲೋಕಸಭೆಯ ನಿಯಮಗಳ ಪ್ರಕಾರ ಮಹಾ ಕಾರ್ಯದರ್ಶಿಯವರು ಅಧಿವೇಶನದ ದಿನಾಂಕವನ್ನೂ ಸ್ಥಳವನ್ನೂ ನಮೂದಿಸಿದ ಕರೆಯ ಪತ್ರವನ್ನು ಪ್ರತಿಯೊಬ್ಬ ಸದಸ್ಯರಿಗೂ ಕಳುಹಿಸಬೇಕು. ತುರ್ತಾಗಿ ಸೇರಬೇಕಾದಾಗ ಮಾತ್ರ ಪ್ರತ್ಯೇಕ ಪತ್ರದ ಬದಲು ರಾಜ್ಯಪತ್ರದಲ್ಲೂ ಪತ್ರಿಕೆಗಳಲ್ಲೂ ಪ್ರಕಟಿಸಬಹುದು. ಪ್ರತಿ ಬಾರಿಯೂ ಒಂದೇ ಕಟ್ಟಡದಲ್ಲಿ ಸೇರುವ ಸಭೆಗೆ ಈ ‘ಸ್ಥಳ’ ಎಂಬ ಪದ ರೂಢಿಯಂತೆ ತುಂಬುವ ಒಂದು ಖಾಲಿ ಜಾಗ. ಸ್ಥಳ ಬದಲಾದ ದಿನ ಎಲ್ಲವೂ ಆ ಪದದ ಮೇಲೆ ನಿಲ್ಲುತ್ತದೆ.

ಇದನ್ನು ನಾನು ಕಲಿತದ್ದು ನಮ್ಮೂರಿನ ಗ್ರಾಮಸಭೆಯಲ್ಲಿ. ಆಟಿ ತಿಂಗಳ ಮಳೆಯಲ್ಲಿ ಪಂಚಾಯಿತಿ ಕಟ್ಟಡ ಸೋರುತ್ತಿದ್ದುದರಿಂದ ಆ ವರ್ಷ ಸಭೆಯನ್ನು ಬೇರೆಡೆಗೆ ಬದಲಾಯಿಸಿದರು. ಬಾಗಿಲಿಗೆ ಅಂಟಿಸಿದ್ದ ಅರ್ಧ ಹಾಳೆಯಲ್ಲಿ ‘ಗ್ರಾಮಸಭೆಯನ್ನು ಶಾಲೆಯಲ್ಲಿ ನಡೆಸಲಾಗುವುದು’ ಎಂದಿತ್ತು. ಶಾಯಿ ನೀರಿಗೆ ಹರಡಿ ಗಂಟೆಯ ಅಂಕಿ ಎರಡೋ ಮೂರೋ ತಿಳಿಯುತ್ತಿರಲಿಲ್ಲ. ನಮ್ಮೂರಿನಲ್ಲಿ ಎರಡು ಶಾಲೆಗಳಿವೆ, ನಡುವೆ ಹೊಳೆ. ಹೊಳೆಯಾಚೆಯ ಮನೆಗಳವರು ತಮ್ಮ ಹತ್ತಿರದ ಶಾಲೆಯ ಜಗಲಿಯಲ್ಲಿ ಕೊಡೆ ಮಡಚಿಟ್ಟು ಕಾದು ಕೂತರು. ಸಭೆ ಈಚೆಯ ಶಾಲೆಯಲ್ಲಿ ನಡೆದು ಮುಗಿಯಿತು. ಅಂದಿನ ಪಟ್ಟಿಯಲ್ಲಿದ್ದ ಮುಖ್ಯ ವಿಷಯ ಆ ಹೊಳೆಗೆ ಹಾಕಬೇಕಾದ ಕಾಲುಸಂಕದ್ದೇ. ಅದನ್ನು ದಿನವೂ ದಾಟಬೇಕಾದವರಲ್ಲಿ ಒಬ್ಬರೂ ಇಲ್ಲದೆ, ಸಂಕವನ್ನು ಮುಂದಿನ ವರ್ಷಕ್ಕೆ ನೋಡೋಣವೆಂಬ ತೀರ್ಮಾನವಾಯಿತು. ಯಾರಲ್ಲೂ ಕೆಟ್ಟ ಉದ್ದೇಶವಿರಲಿಲ್ಲ. ಯಾವ ಶಾಲೆ ಎಂದು ಬರೆಯಲು ಒಂದೇ ಒಂದು ಪದ ಸಾಕಿತ್ತು.

ಆದ್ದರಿಂದ ನಿಯಮದಲ್ಲಿ ‘ಸ್ಥಳ’ ಎಂದರೆ ಊರು, ಕಟ್ಟಡ, ಸಭಾಂಗಣ ಮೂರನ್ನೂ ಒಳಗೊಳ್ಳತಕ್ಕದ್ದು ಎಂದು ವ್ಯಾಖ್ಯೆ ಕೊಡಿ. ‘ಮಡಿಕೇರಿಯಲ್ಲಿ’ ಎಂದಷ್ಟೇ ಬರೆದ ಪತ್ರ ಸಾಲದು. ಹೊರಸ್ಥಳದ ಅಧಿವೇಶನಕ್ಕೆ ಸಾಮಾನ್ಯಕ್ಕಿಂತ ಹೆಚ್ಚಿನ ಮುನ್ಸೂಚನೆ ಬೇಕು. ಮೂವತ್ತು ದಿನಗಳಾದರೂ ಇರಲಿ ಎಂಬುದು ನನ್ನ ಸಲಹೆ, ಏಕೆಂದರೆ ಲೋಕಸಭೆಯಲ್ಲಿ ಮಂತ್ರಿಗಳಿಗೆ ಪ್ರಶ್ನೆ ಕೇಳಲು ಸದಸ್ಯರು ಹದಿನೈದು ದಿನ ಮುಂಚೆ ಸೂಚನೆ ಕೊಡಬೇಕಾಗುತ್ತದೆ, ಉತ್ತರ ಸಿದ್ಧಪಡಿಸುವ ಕಡತಗಳು ಮಾತ್ರ ದೆಹಲಿಯ ಸಚಿವಾಲಯಗಳಲ್ಲಿರುತ್ತವೆ. ಕಡತ ಬಂದಿಲ್ಲವೆಂದು ಉತ್ತರ ಮುಂದೂಡುವ ಸವಲತ್ತನ್ನು ಹೊರಸ್ಥಳದ ಅಧಿವೇಶನ ಯಾವ ಮಂತ್ರಿಗೂ ಕೊಡಬಾರದು. ‘ಸ್ಥಳ ಬದಲಾವಣೆಯು ಪ್ರಶ್ನೆಗೆ ಉತ್ತರ ತಡವಾಗಲು ಕಾರಣವಾಗತಕ್ಕದ್ದಲ್ಲ’ ಎಂಬ ಸಾಲು ಕರಡಿನಲ್ಲಿ ಇರಲೇಬೇಕು.

ಆವರಣದ ಗಡಿ

ಲೋಕಸಭೆಯ ನಿಯಮಗಳಲ್ಲಿ ‘ಸದನದ ಆವರಣ’ ಎಂದರೆ ಸಭಾಂಗಣ, ಮೊಗಸಾಲೆ, ಗ್ಯಾಲರಿ ಮತ್ತು ಸ್ಪೀಕರ್ ಅವರು ನಿರ್ದಿಷ್ಟಪಡಿಸುವ ಇತರ ಸ್ಥಳಗಳು. ಹೊರಗೆ ಸೇರುವ ಸಭೆಗೆ ಈ ಕೊನೆಯ ಪದಗುಚ್ಛವೇ ಆಸರೆ. ಸ್ಪೀಕರ್ ಅವರ ಅನುಮತಿಯಿಲ್ಲದೆ ಆವರಣದೊಳಗೆ ಯಾರನ್ನೂ ಬಂಧಿಸುವಂತಿಲ್ಲ, ನ್ಯಾಯಾಲಯದ ಸಮನ್ಸನ್ನೂ ಜಾರಿ ಮಾಡುವಂತಿಲ್ಲ. ಹಾಗಾಗಿ ಮಡಿಕೇರಿ ಕೋಟೆಯಂಥ ಜಾಗದಲ್ಲಿ ಆವರಣ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗೆರೆ ಎಳೆದು ತೋರಿಸಬೇಕು. ಕೋಟೆಯ ಬಾಗಿಲಿನಿಂದಲೋ, ಗಾರೆಯ ಜೋಡಿ ಆನೆಗಳು ನಿಂತಿರುವ ಅಂಗಳದಿಂದಲೋ, ಸಭಾಂಗಣದ ಹೊಸ್ತಿಲಿನಿಂದಲೋ? ಅಲ್ಲಿರುವ ಹಳೆಯ ಚರ್ಚ್ ಕಟ್ಟಡದ ವಸ್ತುಸಂಗ್ರಹಾಲಯಕ್ಕೆ ಬರುವ ಪ್ರವಾಸಿ ಸದನದ ಆವರಣದಲ್ಲಿದ್ದಾನೆಯೇ, ಇಲ್ಲವೇ? ಉತ್ತರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿರದಿದ್ದರೆ ಮೊದಲ ಪ್ರತಿಭಟನೆಯ ದಿನವೇ ಪೊಲೀಸರಿಗೂ ಸದಸ್ಯರಿಗೂ ಜಗಳ ಹತ್ತುತ್ತದೆ.

ಗಡಿಯನ್ನು ಲಿಖಿತವಾಗಿ ಗುರುತಿಸುವ ಕ್ರಮ ನಮ್ಮಲ್ಲಿ ಈಗಾಗಲೇ ಇದೆ. 2023ರ ಸೆಪ್ಟೆಂಬರ್ 19ರಂದು ಸಂಸತ್ತು ಹೊಸ ಕಟ್ಟಡಕ್ಕೆ ಹೋದಾಗ, ಹೊಸದನ್ನೇ ಸಂಸತ್ ಭವನವೆಂದು ಹೆಸರಿಸಿ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಟಿತು. ಹೋದದ್ದು ಪಕ್ಕದ ನಿವೇಶನಕ್ಕೆ, ಆದರೂ ಅಧಿಸೂಚನೆ ಬೇಕಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣದಿಂದ ಸದಸ್ಯರು ದೂರ ದೂರ ಕೂರಬೇಕಾಗಿ ಬಂದಾಗ ಎರಡೂ ಸದನಗಳು ಪಾಳಿಯಲ್ಲಿ ನಡೆದವು. ಒಂದು ಸದನದ ಸದಸ್ಯರು ಇನ್ನೊಂದರ ಸಭಾಂಗಣದಲ್ಲೂ ಗ್ಯಾಲರಿಗಳಲ್ಲೂ ಕೂತು ಕಲಾಪದಲ್ಲಿ ಭಾಗವಹಿಸಿದರು. ಒಂದೇ ಸಭಾಂಗಣದಲ್ಲಿ ಎಲ್ಲರಿಗೂ ಜಾಗ ಸಾಲದ ಊರಿಗೆ ಈ ಏರ್ಪಾಡು ಒಳ್ಳೆಯ ಮೇಲ್ಪಂಕ್ತಿ.

ಕಾರ್ಯವಿಧಾನದಲ್ಲಿ ಲೋಪವಾಯಿತೆಂಬ ಕಾರಣಕ್ಕೆ ಸಂಸತ್ತಿನ ನಡಾವಳಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲವೆಂದು 122ನೇ ಅನುಚ್ಛೇದ ಹೇಳುವುದರಿಂದ ಇಷ್ಟೆಲ್ಲ ಎಚ್ಚರ ಬೇಡವೆಂದು ಕೆಲವರು ವಾದಿಸುತ್ತಾರೆ. ಅದನ್ನು ನಂಬಿ ಕರಡನ್ನು ಸಡಿಲ ಬಿಡಬೇಡಿ. ರಾಜಾ ರಾಮ್ ಪಾಲ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್, ಈ ರಕ್ಷಣೆ ವಿಧಾನದ ಲೋಪಕ್ಕೆ ಸೀಮಿತವೆಂದೂ ಸಂವಿಧಾನವನ್ನೇ ಮೀರಿದ ಕ್ರಮಗಳನ್ನು ಪರಿಶೀಲಿಸಬಹುದೆಂದೂ ಹೇಳಿದೆ. ಕರೆಯೇ ಇಲ್ಲದ ಸ್ಥಳದಲ್ಲಿ ಸೇರಿದ ಸಭೆಯನ್ನು ‘ವಿಧಾನದ ಲೋಪ’ವೆಂದು ಸಮರ್ಥಿಸಿಕೊಳ್ಳುವುದು ಕಷ್ಟ.

ಎರಡು ಸದನ, ಒಂದು ಊರು

ಎರಡೂ ಸದನಗಳು ಒಂದೇ ಊರಿನಲ್ಲಿ ಸೇರತಕ್ಕದ್ದೆಂದು ಬರೆಯಿರಿ. ಲೋಕಸಭೆ ಅಂಗೀಕರಿಸಿದ ಮಸೂದೆ ರಾಜ್ಯಸಭೆಗೆ ಹೋಗಬೇಕು, ತಿದ್ದುಪಡಿಯಾದರೆ ಹಿಂದಿರುಗಬೇಕು, ಮಂತ್ರಿಗಳು ಎರಡೂ ಕಡೆ ಉತ್ತರಿಸಬೇಕು. ಬೆಳಗಾವಿಯಲ್ಲಿ ವಿಧಾನಸಭೆಯೂ ಪರಿಷತ್ತೂ ಜೊತೆಯಲ್ಲೇ ಸೇರುವುದನ್ನು ನಾವು ಕಂಡಿದ್ದೇವೆ.

ಮತ ಎಣಿಕೆ

ವಿದ್ಯುನ್ಮಾನ ಮತಫಲಕ ಹೊರಸ್ಥಳದಲ್ಲಿ ಇರುತ್ತದೆಂದು ಎಣಿಸಬೇಡಿ. ಹೊಸ ಸಂಸತ್ ಭವನದಲ್ಲಿ 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಯನ್ನು ಲೋಕಸಭೆ 454 ಮತಗಳ ಬೆಂಬಲದಿಂದ, 2 ಮತಗಳ ವಿರೋಧದೊಂದಿಗೆ ಅಂಗೀಕರಿಸಿದಾಗ ಸದಸ್ಯರು ಮತ ಹಾಕಿದ್ದು ಕಾಗದದ ಚೀಟಿಗಳಲ್ಲಿ. ಸಂವಿಧಾನದ ತಿದ್ದುಪಡಿಗೆ ಸದನದ ಒಟ್ಟು ಸದಸ್ಯರ ಬಹುಮತವೂ ಹಾಜರಿದ್ದು ಮತ ಹಾಕಿದವರ ಮೂರನೆಯ ಎರಡರಷ್ಟೂ ಬೇಕು, ಅಂದರೆ ಒಂದೊಂದು ಚೀಟಿಯೂ ಲೆಕ್ಕಕ್ಕೆ ಸಿಗಬೇಕು. ಚೀಟಿಯ ನಮೂನೆ, ಎಣಿಸುವವರು, ಎಣಿಕೆಯ ಮೇಜು, ಚೀಟಿಗಳನ್ನು ಮೊಹರು ಮಾಡಿ ದೆಹಲಿಗೆ ಒಯ್ಯುವ ಬಗೆ, ಇಷ್ಟನ್ನೂ ಅನುಬಂಧದಲ್ಲಿ ಬರೆದಿಡಿ. ನಡಾವಳಿಯ ಅಧಿಕೃತ ವರದಿಯನ್ನು ಅಂದೇ ಸಿದ್ಧಪಡಿಸುವ ವರದಿಗಾರರಿಗೂ ಭಾಷಾಂತರಕಾರರಿಗೂ ಪ್ರತ್ಯೇಕ ಕೋಣೆಗಳಿರಲಿ.

ಕಾಲ, ದಾರಿ, ಕೋರಂ

ಕೊಡಗಿನವರು ನಿಯಮ ಬರೆದರೆ ಈ ಭಾಗವನ್ನು ಉಳಿದವರಿಗಿಂತ ಚೆನ್ನಾಗಿ ಬರೆಯಬಲ್ಲರು. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈ ಹೊತ್ತಿಗೆ ಆರಂಭವಾಗುತ್ತದೆ, ಅದೇ ಹೊತ್ತಿಗೆ ಭಾಗಮಂಡಲದ ತ್ರಿವೇಣಿ ಸಂಗಮ ಉಕ್ಕಿ ರಸ್ತೆ ಮುಳುಗುವುದು ನಮಗೆ ರೂಢಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮಡಿಕೇರಿಯ ಸುತ್ತಲಿನ ರಸ್ತೆಗಳು ಕಡಿದುಹೋದ ದಿನಗಳನ್ನು ನಾವು ಮರೆತಿಲ್ಲ. ಜಿಲ್ಲೆಯಲ್ಲಿ ರೈಲು ಓಡುವುದಿಲ್ಲ, ವಿಮಾನ ನಿಲ್ದಾಣವಿಲ್ಲ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಮೈಸೂರಿನಿಂದಲೋ ಘಾಟಿಯ, ಕಾಡಿನ ದಾರಿ ಹತ್ತಿ ಬರಬೇಕು.

ಸದನದ ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಭಾಗ ಹಾಜರಿದ್ದರೆ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) ಆಗುತ್ತದೆಂದು 100ನೇ ಅನುಚ್ಛೇದ ಹೇಳುತ್ತದೆ. ಲೋಕಸಭೆಗೆ 55, ರಾಜ್ಯಸಭೆಗೆ 25. ದೆಹಲಿಯಲ್ಲಿ ಈ ಅಲ್ಪ ಸಂಖ್ಯೆ ತೊಂದರೆ ಕೊಡುವುದಿಲ್ಲ. ಆದರೆ ರಸ್ತೆ ಕಡಿದ ಊರಿನಲ್ಲಿ ತಲುಪಿದ 55 ಮಂದಿಯೇ ಇಡೀ ದೇಶದ ಪರವಾಗಿ ತೀರ್ಮಾನಿಸುವ ಅಪಾಯವಿದೆ, ಮತ್ತು ತಲುಪಿದವರು ಯಾವ ಪಕ್ಷದವರೆಂಬುದು ಗುಡ್ಡ ಜರಿದ ಜಾಗವನ್ನು ಅವಲಂಬಿಸಿರುತ್ತದೆ. ಅದಕ್ಕೆ ಎರಡು ಕಟ್ಟಳೆಗಳು ಬೇಕು. ಪ್ರಾಕೃತಿಕ ವಿಕೋಪದಿಂದ ದಾರಿ ಮುಚ್ಚಿದೆಯೆಂದು ಸಭಾಧ್ಯಕ್ಷರಿಗೆ ಮನವರಿಕೆಯಾದರೆ ಅಂದಿನ ಉಪವೇಶನದಲ್ಲಿ ಯಾವ ಮಸೂದೆಯನ್ನೂ ಮತಕ್ಕೆ ಹಾಕತಕ್ಕದ್ದಲ್ಲ. ಕರೆಯ ಪತ್ರದಲ್ಲೇ ಪರ್ಯಾಯ ಸ್ಥಳವೊಂದನ್ನು ಹೆಸರಿಸಿರತಕ್ಕದ್ದು.

ಪರ್ಯಾಯ ಸ್ಥಳದ ಯೋಚನೆ ಹಳೆಯದು. 1793ರಲ್ಲಿ ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಹಬ್ಬಿದ ಮೇಲೆ, ರಾಜಧಾನಿಯಲ್ಲಿ ಸೇರುವುದು ಸದಸ್ಯರ ಜೀವಕ್ಕೆ ಅಪಾಯವಾದರೆ ಬೇರೆಡೆ ಕರೆಯಬಹುದೆಂದು ಅಮೆರಿಕದ ಕಾಂಗ್ರೆಸ್ 1794ರಲ್ಲಿ ಅಧ್ಯಕ್ಷರಿಗೆ ಕಾನೂನಿನ ಮೂಲಕ ಅಧಿಕಾರ ಕೊಟ್ಟಿತು. ನಾರ್ವೆಯ ಸಂಸತ್ತು 1940ರ ಏಪ್ರಿಲ್ 9ರಂದು, ಜರ್ಮನ್ ಸೇನೆ ದಾಳಿ ಮಾಡಿದ ದಿನವೇ, ಓಸ್ಲೋ ಬಿಟ್ಟು ಹಾಮಾರ್‌ಗೆ, ಅಲ್ಲಿಂದ ಎಲ್ವೆರುಮ್‌ಗೆ ಹೋಗಿ ಸೇರಿತು. 2022ರ ಜನವರಿಯಲ್ಲಿ ಕೇಪ್‌ಟೌನಿನ ಸಂಸತ್ ಭವನಕ್ಕೆ ಬೆಂಕಿ ಬಿದ್ದಾಗ, ಫೆಬ್ರವರಿ 10ರಂದು ರಾಷ್ಟ್ರಾಧ್ಯಕ್ಷರ ಭಾಷಣ ಆ ಊರಿನ ಸಿಟಿ ಹಾಲ್‌ನಲ್ಲಿ ನಡೆಯಿತು.

ಬಂದ ಊರಿನ ಜನರಿಗೆ ಏನು ಸಿಗಬೇಕು

ಸ್ವಿಸ್ ಸಂಸತ್ತು ಬರ್ನ್‌ನ ಹೊರಗೆ 1993ರಲ್ಲಿ ಜಿನೀವಾದಲ್ಲೂ, 2001ರಲ್ಲಿ ಇಟಾಲಿಯನ್ ಮಾತಾಡುವ ಲುಗಾನೊದಲ್ಲೂ, 2006ರಲ್ಲಿ ರೊಮಾನ್ಶ್ ಭಾಷೆಯ ಸೀಮೆಯ ಫ್ಲಿಮ್ಸ್‌ನಲ್ಲೂ ಸೇರಿತ್ತು. ಫ್ಲಿಮ್ಸ್‌ಗೆ ಹೋಗಲು ನೆಪವಾದದ್ದು ಬರ್ನ್‌ನ ಸಂಸತ್ ಭವನದ ದುರಸ್ತಿ. ಆದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಾಡುವ ಭಾಷೆಯ ನೆಲಕ್ಕೆ ದೇಶದ ಸಂಸತ್ತು ಬಂದು ಕೂತಿತೆಂಬುದು, ಕೊಡವ ತಕ್ಕ್ ಮತ್ತು ಅರೆಭಾಷೆ ಕೇಳಿ ಬೆಳೆದ ನನ್ನಂಥವರಿಗೆ ಮನಮುಟ್ಟುವ ಸಂಗತಿ. ನಮ್ಮ ಸಂಸತ್ತಿನಲ್ಲಿ ಹಿಂದಿ, ಇಂಗ್ಲಿಷ್‌ನಲ್ಲಿ ಚೆನ್ನಾಗಿ ಮಾತಾಡಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು 120ನೇ ಅನುಚ್ಛೇದ ಹೇಳುತ್ತದೆ. ಹೊರಸ್ಥಳದ ಅಧಿವೇಶನದಲ್ಲಿ ಆ ಪ್ರದೇಶದ ಭಾಷೆಗೆ ಭಾಷಾಂತರಕಾರರನ್ನು ಮೊದಲೇ ನೇಮಿಸತಕ್ಕದ್ದೆಂದು ಕರಡಿನಲ್ಲಿ ಸೇರಿಸಿದರೆ ಆ ಅನುಮತಿಗೆ ಜೀವ ಬರುತ್ತದೆ. ಸಾರ್ವಜನಿಕ ಗ್ಯಾಲರಿಯಲ್ಲಿ ಇಂತಿಷ್ಟು ಆಸನಗಳು ಸ್ಥಳೀಯರಿಗೆ, ಅದರಲ್ಲೂ ಶಾಲಾ ಮಕ್ಕಳಿಗೆ, ಮೀಸಲಿರಲಿ. ಸಂಸತ್ತು ಬಂದ ವಾರಗಳಲ್ಲಿ ಪೇಟೆಯ ಜನ ತಮ್ಮದೇ ರಸ್ತೆಯಲ್ಲಿ ನಡೆಯಲು ಪಾಸ್ ಕೇಳಬೇಕಾದ ಸ್ಥಿತಿ ಬರಬಾರದು.

ಕರಡು ನಿಯಮ ಮತ್ತು ಅದನ್ನು ಕಳುಹಿಸುವ ದಾರಿ

ಇಷ್ಟನ್ನೂ ಹಿಡಿದಿಡುವ ಮುಖ್ಯ ಕಟ್ಟಳೆಯನ್ನು ಹೀಗೆ ಬರೆಯಬಹುದು: ‘ಸಾರ್ವಜನಿಕ ಹಿತ, ಭದ್ರತೆ ಅಥವಾ ಅನುಕೂಲದ ಕಾರಣಗಳನ್ನು ಲಿಖಿತವಾಗಿ ದಾಖಲಿಸಿ, ಸದನವು ನಿರ್ಣಯದ ಮೂಲಕ ಶಿಫಾರಸು ಮಾಡಿದಲ್ಲಿ, ಒಂದು ಅಧಿವೇಶನವನ್ನು ಸಾಮಾನ್ಯ ಸ್ಥಳದ ಹೊರಗೆ ನಡೆಸಬಹುದು. ಕರೆಯ ಪತ್ರದಲ್ಲಿ ಊರು, ಕಟ್ಟಡ, ಸಭಾಂಗಣ ಹಾಗೂ ಪರ್ಯಾಯ ಸ್ಥಳವನ್ನು ನಮೂದಿಸತಕ್ಕದ್ದು. ಆವರಣದ ಗಡಿಯನ್ನು ನಕ್ಷೆ ಸಹಿತ ಪ್ರಕಟಿಸತಕ್ಕದ್ದು. ಅಧಿವೇಶನವು ಮುಕ್ತಾಯಗೊಂಡೊಡನೆ ಈ ಸ್ಥಳದ ಆದೇಶವು ತಾನಾಗಿಯೇ ರದ್ದಾಗತಕ್ಕದ್ದು.’ ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ಒಂದು ಸಲದ ಏರ್ಪಾಡು ಸದ್ದಿಲ್ಲದೆ ಖಾಯಂ ಆಗಿಬಿಡಬಹುದು. ಸದನ ವಿಸರ್ಜನೆಯಾಗಿದ್ದರೆ ಅಥವಾ ಯುದ್ಧ, ವಿಕೋಪಗಳ ತುರ್ತು ಇದ್ದರೆ ನಿರ್ಣಯಕ್ಕೆ ಕಾಯಲಾಗದು. ಅಂಥ ಸಂದರ್ಭದಲ್ಲಿ ಎರಡೂ ಸದನಗಳ ಅಧ್ಯಕ್ಷರ ಸಮ್ಮತಿ ಸಾಕೆಂದು ಪ್ರತ್ಯೇಕವಾಗಿ ಬರೆಯಿರಿ.

ಸಂಸತ್ತು ದಕ್ಷಿಣದಲ್ಲಿ ಸೇರಲಿ ಎಂಬ ಕೂಗು ಇಂದಿನದಲ್ಲ. ಡಾ. ಬಿ.ಆರ್. ಅಂಬೇಡ್ಕರ್ ಅವರು 1955ರಲ್ಲೇ ಹೈದರಾಬಾದ್ ದೇಶದ ಎರಡನೆಯ ರಾಜಧಾನಿಯಾಗಲಿ ಎಂದು ವಾದಿಸಿದ್ದರು. 1959ರಲ್ಲಿ ಪ್ರಕಾಶವೀರ ಶಾಸ್ತ್ರಿ ಅವರು ಲೋಕಸಭೆಯಲ್ಲಿ ಖಾಸಗಿ ಸದಸ್ಯರ ನಿರ್ಣಯದ (ಮಂತ್ರಿಯಲ್ಲದ ಸದಸ್ಯರು ತರುವ ನಿರ್ಣಯದ) ಮೂಲಕ ದಕ್ಷಿಣದಲ್ಲೊಂದು ಅಧಿವೇಶನ ನಡೆಸುವ ವಿಷಯವನ್ನು ಎತ್ತಿದ್ದರು. ಆ ದಾರಿ ಈಗಲೂ ತೆರೆದಿದೆ. ಕೊಡಗಿಗೆ ತನ್ನದೇ ಲೋಕಸಭಾ ಕ್ಷೇತ್ರವಿಲ್ಲ. ಮಡಿಕೇರಿ, ವಿರಾಜಪೇಟೆ ವಿಧಾನಸಭಾ ಕ್ಷೇತ್ರಗಳು ಮೈಸೂರು ಲೋಕಸಭಾ ಕ್ಷೇತ್ರಕ್ಕೆ ಸೇರಿರುವುದರಿಂದ ಕರಡನ್ನು ಆ ಕ್ಷೇತ್ರದ ಸದಸ್ಯರಿಗೆ ಕೊಟ್ಟು, ಖಾಸಗಿ ಸದಸ್ಯರ ನಿರ್ಣಯವಾಗಿ ತರುವಂತೆ ಕೇಳಬೇಕು. ಅದರ ಜೊತೆಗೆ ಲೋಕಸಭೆಗೆ ನೇರವಾಗಿ ಅರ್ಜಿ ಸಲ್ಲಿಸುವ ಅವಕಾಶವೂ ಇದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಲಗತ್ತಿಸಿ, ಅರ್ಜಿದಾರರು ಅದಕ್ಕೂ ಸಹಿ ಹಾಕಿರಬೇಕು. ಸದಸ್ಯರೊಬ್ಬರ ಮೂಲಕ ಸಲ್ಲಿಸುವುದಾದರೆ ಅವರ ಮೇಲುಸಹಿಯನ್ನೂ ಪಡೆದಿರಬೇಕು.